ಸವಕಲು ಮಾತಿನ ಲೆಕ್ಕ

ಬೆಂಕಿ ಸುಡುತ್ತದೆ, ನೀರು ತಗ್ಗಿನ ಕಡೆಗೆ ಹರಿಯುತ್ತದೆ, ಇದ್ದುದರಲ್ಲಿ ಸ್ವಲ್ಪ ತೆಗೆದರೆ ಅಷ್ಟು ಕಡಮೆಯಾಗುತ್ತದೆ. ಇಂತಹ ಮಾತನ್ನು ಯಾರಾದರೂ ಗಂಭೀರವಾಗಿ ಆಡಿದರೆ ಕೇಳುವವರಿಗೆ ನಗು ಬರುವುದು ಸಹಜ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಒಂದೇ ಏಟಿಗೆ ತಳ್ಳಿಹಾಕಿರುವುದೂ ಇಂತಹ ಮಾತುಗಳನ್ನೇ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ಕರಿಹಲಗೆಯ ಮೇಲೆ ಬರೆಯುತ್ತಿರುವಾಗ ಹಿಂದಿನ ಬೆಂಚುಗಳಿಂದ ಆಕಳಿಕೆಯ ಸದ್ದು ಕೇಳಿಬರುವುದನ್ನು ಭೌತವಿಜ್ಞಾನ ಬೋಧಿಸುವ ನಾವೆಲ್ಲರೂ ಬಲ್ಲೆವು. ಹೈಸ್ಕೂಲಿನಿಂದ ಕೇಳಿ ಕೇಳಿ ಸವೆದ ವಾಕ್ಯ; ಪರೀಕ್ಷೆಯಲ್ಲಿ ಎರಡು ಅಂಕಗಳಿಗಾಗಿ ಬರೆದು ಮರೆಯುವ ವಾಕ್ಯ. ಅದರಿಂದ ಹೊಸದಾಗಿ ತಿಳಿಯುವುದೇನು ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ.

ನಮ್ಮ ತರ್ಕಶಾಸ್ತ್ರಜ್ಞರೂ ಈ ವಿಷಯವನ್ನು ಆಲೋಚಿಸದೆ ಬಿಟ್ಟಿಲ್ಲ. ಈಗಾಗಲೇ ಒಪ್ಪಿತವಾದುದನ್ನೇ ಮತ್ತೆ ಸಾಧಿಸಹೊರಡುವುದನ್ನು ಅವರು ‘ಸಿದ್ಧಸಾಧನ’ವೆಂದು ಕರೆದು ವಾದದ ದೋಷಗಳಲ್ಲಿ ಸೇರಿಸಿದರು. ಆದರೆ ಇದರ ಜೊತೆಗೆ ಇನ್ನೊಂದು ಸೂಕ್ಷ್ಮವನ್ನೂ ಅವರು ಕಂಡಿದ್ದರು. ಗೌತಮನ ನ್ಯಾಯಸೂತ್ರಗಳು ವ್ಯರ್ಥವಾದ ಮರುಮಾತನ್ನು ‘ಪುನರುಕ್ತ’ವೆಂದೂ, ಪ್ರಯೋಜನವುಳ್ಳ ಮರುಮಾತನ್ನು ‘ಅನುವಾದ’ವೆಂದೂ ಬೇರ್ಪಡಿಸುತ್ತವೆ. (ಭಾಷಾಂತರವೆಂಬ ಇಂದಿನ ಅರ್ಥವನ್ನು ವಾಚಕರು ಸದ್ಯಕ್ಕೆ ಮರೆಯಬೇಕು.) ಬೇಗ ನಡೆ, ಇನ್ನೂ ಬೇಗ ನಡೆ ಎಂದು ಹೇಳುವಲ್ಲಿ ಎರಡನೆಯ ಮಾತು ಹೊಸ ವಿಷಯವನ್ನೇನೂ ತಿಳಿಸುವುದಿಲ್ಲ, ಆದರೂ ಕಾಲು ಚುರುಕಾಗುತ್ತದೆ. ಸೂತ್ರದಲ್ಲಿರುವ ನಿದರ್ಶನವೂ ಇಂತಹುದೇ. ಎತ್ತಿನ ಗಾಡಿ ಹೊಡೆಯುವವನಿಗೆ ಸೂತ್ರವನ್ನು ಓದದೆಯೇ ಇದು ಗೊತ್ತು. ಹೀಗೆ ಒಂದು ಮಾತನ್ನು ಅಳೆಯುವುದಕ್ಕೆ ಎರಡು ಅಳತೆಗೋಲುಗಳಿವೆಯೆಂದಾಯಿತು: ಅದು ಏನನ್ನು ತಿಳಿಸುತ್ತದೆ ಎಂಬುದು ಒಂದು, ಅದರಿಂದ ಏನನ್ನು ಮಾಡಲು ಸಾಧ್ಯ ಎಂಬುದು ಇನ್ನೊಂದು.

ಮೊದಲನೆಯ ಅಳತೆಗೋಲಿಗೆ ಗಣಿತದ ರೂಪವನ್ನು ಕೊಟ್ಟವನು ಅಮೆರಿಕದ ಕ್ಲಾಡ್ ಶಾನನ್. ದೂರವಾಣಿ ತಂತಿಗಳಲ್ಲಿ ಸುದ್ದಿ ಸಾಗಿಸುವ ಸಮಸ್ಯೆಯನ್ನು ವಿಚಾರಮಾಡುತ್ತ ಅವನು ೧೯೪೮ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ಒಂದು ಸಂಗತಿ ನಡೆಯುವ ಸಂಭವ ಕಡಮೆಯಿದ್ದಷ್ಟೂ ಅದು ನಡೆಯಿತೆಂಬ ಸುದ್ದಿಯಲ್ಲಿರುವ ಮಾಹಿತಿ ಹೆಚ್ಚು. ನಾಣ್ಯವನ್ನು ಚಿಮ್ಮಿ, ರಾಜಮುಖ ಬಿತ್ತೆಂದು ತಿಳಿಸಿದರೆ ಒಂದು ‘ಬಿಟ್’ ಮಾಹಿತಿ ದೊರೆಯುತ್ತದೆ. ನಾಳೆ ಸೂರ್ಯ ಹುಟ್ಟುತ್ತಾನೆ ಎಂಬ ಮಾತಿನಲ್ಲಿ ಇರುವುದು ಹೆಚ್ಚು ಕಡಮೆ ಸೊನ್ನೆ. ಹಾಗಾದರೆ ಸರ್ವವಿದಿತವಾದ ಮಾತುಗಳೆಲ್ಲ ಈ ಲೆಕ್ಕದಲ್ಲಿ ಸೊನ್ನೆಗಳೇ. ಯಾವುದು ಸೊನ್ನೆ ಎಂಬುದನ್ನು ಪತ್ತೆಹಚ್ಚುವುದಕ್ಕೆ ಒಂದು ಸುಲಭೋಪಾಯವೂ ಇದೆ. ಮಾತನ್ನು ತಲೆಕೆಳಗು ಮಾಡಿ, ಅದನ್ನು ಆಡುವವರು ಜಗತ್ತಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳಬೇಕು. ‘ನೀರು ಅಮೂಲ್ಯ’ ಎಂದು ಗೋಡೆಗಳ ಮೇಲೆ ಬರೆದಿರುವುದನ್ನು ನಾವು ನೋಡುತ್ತೇವೆ. ನೀರಿಗೆ ಬೆಲೆಯಿಲ್ಲ, ಚೆಲ್ಲಿಬಿಡಿ ಎಂದು ಯಾವ ಗೋಡೆಯೂ ಸಾರುವುದಿಲ್ಲ. ‘ಅಭಿವೃದ್ಧಿ ಬೇಕು’ ಎನ್ನುವವರಿಗೆ ‘ಬೇಡ’ ಎನ್ನುವ ಎದುರಾಳಿ ಸಿಕ್ಕುವುದಿಲ್ಲ. ‘ರೈತ ದೇಶದ ಬೆನ್ನೆಲುಬು’ ಎಂಬುದಕ್ಕೂ ಇದೇ ಗತಿ. ಎಲ್ಲರೂ ಚಪ್ಪಾಳೆ ತಟ್ಟುವ ಮಾತಿನಿಂದ ಯಾರ ಕೆಲಸವೂ ಬದಲಾಗಬೇಕಾಗಿಲ್ಲವಾದ್ದರಿಂದಲೇ ಅದು ವೇದಿಕೆಗಳಿಗೆ ಅಷ್ಟು ಪ್ರಿಯವಾಗಿದೆಯೆಂದು ನಮಗೆ ತೋರುತ್ತದೆ.

ಇನ್ನು ಎರಡನೆಯ ಅಳತೆಗೋಲು. ಅಂಗಡಿಯವನ ಲೆಕ್ಕದ ಪುಸ್ತಕವನ್ನು ನೆನೆದುಕೊಳ್ಳಿ. ಬಂದುದರಲ್ಲಿ ಹೋದುದನ್ನು ಕಳೆದರೆ ಉಳಿದುದು ಬರುತ್ತದೆ. ಇದಕ್ಕಿಂತ ಸವೆದ ಮಾತು ಇನ್ನೊಂದಿಲ್ಲ. ಶಾನನ್ನನ ತಕ್ಕಡಿಯಲ್ಲಿ ಇದಕ್ಕೆ ತೂಕವೇ ಇಲ್ಲ. ಆದರೆ ಸಂಜೆ ಪೆಟ್ಟಿಗೆಯಲ್ಲಿ ನೂರು ರೂಪಾಯಿ ಕಡಮೆ ಬಿದ್ದಾಗ ಅಂಗಡಿಯವನು ಈ ಮಾತನ್ನು ಸಂದೇಹಿಸುವುದಿಲ್ಲ. ನೂರು ರೂಪಾಯಿ ಎಲ್ಲಿ ಹೋಯಿತೆಂದು ಹುಡುಕುತ್ತಾನೆ. ತಾನಾಗಿ ಏನನ್ನೂ ತಿಳಿಸದ ಮಾತು ಅವನಿಗೆ ಹುಡುಕಬೇಕಾದ ವಸ್ತುವನ್ನೂ ಅದರ ಮೊತ್ತವನ್ನೂ ತೋರಿಸಿಕೊಡುತ್ತದೆ.

ಪರಮಾಣು ವಿಜ್ಞಾನದ ಚರಿತ್ರೆಯಲ್ಲಿ ಹೀಗೆಯೇ ಒಂದು ಪೆಟ್ಟಿಗೆಯಲ್ಲಿ ಹಣ ಕಡಮೆ ಬಿದ್ದಿತ್ತು. ಕೆಲವು ವಿಕಿರಣಶೀಲ ಪರಮಾಣುಗಳ ಬೀಜಕೇಂದ್ರದಿಂದ ಎಲೆಕ್ಟ್ರಾನುಗಳು ಹೊರಕ್ಕೆ ಹಾರುತ್ತವೆ. ಮೊದಲು ಇದ್ದ ಬೀಜಕೇಂದ್ರಕ್ಕೂ ಆಮೇಲೆ ಉಳಿದುದಕ್ಕೂ ಇರುವ ಶಕ್ತಿಯ ವ್ಯತ್ಯಾಸ ನಿಶ್ಚಿತವಾದುದು. ಆದ್ದರಿಂದ ಎಲ್ಲ ಎಲೆಕ್ಟ್ರಾನುಗಳೂ ಒಂದೇ ಶಕ್ತಿಯನ್ನು ಹೊತ್ತು ಬರಬೇಕಾಗಿತ್ತು. ಆದರೆ ಒಂದೊಂದು ಒಂದೊಂದು ಬಗೆಯ ಶಕ್ತಿಯಿಂದ ಬರುವುದನ್ನು ಚಾಡ್ವಿಕ್ ೧೯೧೪ರಲ್ಲಿ ತೋರಿಸಿದನು. ಶಕ್ತಿಯ ಒಂದು ಪಾಲು ಎಲ್ಲಿಯೋ ಕಾಣೆಯಾಗುತ್ತಿತ್ತು. ಶಕ್ತಿ ನಿತ್ಯತೆಯ ನಿಯಮ ಒಟ್ಟು ಸರಾಸರಿಯಲ್ಲಿ ಮಾತ್ರ ಸತ್ಯವಾಗಿರಬಹುದೆಂದು ಹೇಳಲು ನೀಲ್ಸ್ ಬೋರನಂತಹ ಧೀಮಂತನೇ ಸಿದ್ಧನಾದನು. ಆಗ ವುಲ್ಫ್‌ಗ್ಯಾಂಗ್ ಪೌಲಿ ಅಂಗಡಿಯವನ ಪಕ್ಷ ವಹಿಸಿದನು. ೧೯೩೦ರ ಡಿಸೆಂಬರಿನಲ್ಲಿ ತನ್ನ ಸಹೋದ್ಯೋಗಿಗಳಿಗೆ ಬರೆದ ಕಾಗದದಲ್ಲಿ, ಯಾರ ಕಣ್ಣಿಗೂ ಬೀಳದ ಇನ್ನೊಂದು ಕಣ ಆ ಶಕ್ತಿಯನ್ನು ಹೊತ್ತುಕೊಂಡು ಹೋಗುತ್ತಿರಬಹುದೆಂದು ಸೂಚಿಸಿದನು. ಇಪ್ಪತ್ತೈದು ವರ್ಷಗಳ ಮೇಲೆ, ೧೯೫೬ರಲ್ಲಿ, ಅಮೆರಿಕದ ಪರಮಾಣು ರಿಯಾಕ್ಟರೊಂದರ ಬಳಿ ರೈನ್ಸ್ ಮತ್ತು ಕೊವಾನ್ ಎಂಬವರು ಅದನ್ನು ಪತ್ತೆಹಚ್ಚಿದರು. ಅದೇ ನ್ಯೂಟ್ರಿನೊ. ತರಗತಿಯಲ್ಲಿ ಆಕಳಿಕೆ ತರಿಸುವ ವಾಕ್ಯವೊಂದನ್ನು ಬಿಡದೆ ಹಿಡಿದುದರ ಫಲ ಅದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಂದುದು, ಹೋದುದು, ಉಳಿದುದು ಎಂಬ ಕೂಡುಕಳೆತದ ಮಾತು ಬೇರೆ. ಲೆಕ್ಕದಲ್ಲಿರುವ ವಸ್ತು ನಡುವೆ ತಾನಾಗಿ ಹುಟ್ಟುವುದಿಲ್ಲ, ಸಾಯುವುದಿಲ್ಲ ಎಂಬ ಮಾತು ಬೇರೆ. ಮೊದಲನೆಯದು ಸ್ವತಸ್ಸಿದ್ಧ. ಎರಡನೆಯದು ಅನುಭವದಿಂದ, ಅಳತೆಯಿಂದ ಬಂದುದು. ಶಕ್ತಿಯ ವಿಷಯದಲ್ಲಿ ಅದು ಸ್ಪಷ್ಟವಾದುದು ೧೮೪೦ರ ದಶಕದಲ್ಲಿ, ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್‌ ಇವರ ಶ್ರಮದಿಂದ. ನಮಗೆ ಅಂಗೈ ಹುಣ್ಣಿನಂತೆ ತೋರುವ ಎಷ್ಟೋ ಸತ್ಯಗಳು ಹಿಂದಿನವರು ಬೆವರು ಸುರಿಸಿ ಗಳಿಸಿಕೊಟ್ಟ ಆಸ್ತಿ.

ಈ ಬಗೆಯ ಲೆಕ್ಕವನ್ನು ಜರ್ಮನಿಗೋ ಅಮೆರಿಕಕ್ಕೋ ಹೋಗದೆ ನಮ್ಮ ಹೊಲದ ಬದುವಿನಲ್ಲಿಯೇ ನಿಂತು ಮಾಡಿನೋಡಬಹುದು. ಅದಕ್ಕೆ ನಾವು ಆರಿಸಿಕೊಂಡಿರುವ ಸ್ಥಳ ಚನ್ನರಾಯಪಟ್ಟಣ. ಹಾಸನ ಜಿಲ್ಲೆಯದಲ್ಲ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿ. ವಾಯುವ್ಯಕ್ಕೆ ನಂದಿಬೆಟ್ಟ, ಪಡುವಣಕ್ಕೆ ೨೦೦೮ರಲ್ಲಿ ತೆರೆದ ವಿಮಾನ ನಿಲ್ದಾಣ. ದ್ರಾಕ್ಷಿ, ತರಕಾರಿ, ರೇಷ್ಮೆ, ರಾಗಿ ಬೆಳೆಯುವ ಸೀಮೆ. ದೇವನಹಳ್ಳಿಯ ಚಕ್ಕೋತವಂತೂ ಹೆಸರುವಾಸಿ. ವರ್ಷವಿಡೀ ಹರಿಯುವ ನದಿಯೊಂದೂ ಇತ್ತ ಇಲ್ಲ. ಮಳೆಯ ನೀರು ಒಂದು ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುವಂತೆ ಹಿಂದಿನವರು ಕೆರೆಗಳ ಸರಪಣಿಯನ್ನು ಕಟ್ಟಿದ್ದರು. ನೀರು ತಗ್ಗಿಗೆ ಹರಿಯುತ್ತದೆ ಎಂಬ ಮಾತನ್ನು ಅವರು ಗೋಡೆಯ ಮೇಲೆ ಬರೆಯಲಿಲ್ಲ. ನೆಲದ ಮೇಲೆ ಬರೆದರು. ಈಗ ಕೆರೆಗಳಿಗಿಂತ ಕೊಳವೆಬಾವಿಗಳ ಮೇಲೆಯೇ ಬೇಸಾಯ ನಿಂತಿದೆ.

ಬಂದುದನ್ನು ಮೊದಲು ಲೆಕ್ಕಹಾಕೋಣ. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ೮೦೦ ಮಿಲಿಮೀಟರಿನ ಆಸುಪಾಸು. ಒಂದು ಎಕರೆಯೆಂದರೆ ಸುಮಾರು ೪,೦೪೭ ಚದರ ಮೀಟರು. ಅದರ ಮೇಲೆ ೮೦೦ ಮಿಲಿಮೀಟರು ಮಳೆ ನಿಂತರೆ ೩೨ ಲಕ್ಷ ಲೀಟರು ನೀರಾಯಿತು. ಕೇಳುವುದಕ್ಕೆ ದೊಡ್ಡ ಮೊತ್ತ! ಆದರೆ ಇದರಲ್ಲಿ ಬಹುಪಾಲು ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಗಿಡಗಳ ಎಲೆಗಳ ಮೂಲಕ ಗಾಳಿಗೆ ಸೇರುತ್ತದೆ. ಒಂದಿಷ್ಟು ಹಳ್ಳ ಹಿಡಿದು ಹರಿಯುತ್ತದೆ. ನಮ್ಮ ಪ್ರಾಂತದ ನೆಲದಡಿಯಲ್ಲಿರುವ ನೈಸ್ ಎಂಬ ಗಟ್ಟಿ ಬಂಡೆಯ ಪ್ರದೇಶಗಳಲ್ಲಿ ಮಳೆಯ ಹತ್ತನೆಯ ಒಂದು ಪಾಲು, ಜೇಡಿ ಹೆಚ್ಚಿದ್ದರೆ ಅದಕ್ಕೂ ಕಡಮೆ, ಅಂತರ್ಜಲಕ್ಕೆ ಸೇರುತ್ತದೆಂದು ಭೂಜಲ ತಜ್ಞರು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ಎಕರೆಗೆ ವರ್ಷಕ್ಕೆ ೩.೨ ಲಕ್ಷ ಲೀಟರು.

ಹೋದುದು ಎಷ್ಟು? ಸೆಕೆಂಡಿಗೆ ಎರಡು ಲೀಟರು ನೀರು ಕೊಡುವ ಒಂದು ಕೊಳವೆಬಾವಿಯನ್ನು ಊಹಿಸಿಕೊಳ್ಳಿ. ದಿನಕ್ಕೆ ಆರು ಗಂಟೆ ಪಂಪು ಓಡಿದರೆ ೪೩,೨೦೦ ಲೀಟರು. ವರ್ಷದಲ್ಲಿ ೨೦೦ ದಿನ ಓಡಿದರೆ ೮೬ ಲಕ್ಷ ಲೀಟರಿಗೂ ಮೇಲೆ. ಭಾಗಿಸಿ ನೋಡಿದರೆ, ಈ ಒಂದು ಬಾವಿ ೨೭ ಎಕರೆಗಳಲ್ಲಿ ಇಂಗುವ ಮಳೆಯನ್ನು ಕುಡಿಯುತ್ತದೆ. ಗದ್ದೆಗೆ ಹಾಯಿಸಿದುದರಲ್ಲಿ ಸ್ವಲ್ಪ ಮತ್ತೆ ಇಂಗುತ್ತದೆಂದು ಒಪ್ಪಿಕೊಂಡರೂ ಲೆಕ್ಕ ಬಹಳವಾಗಿ ಬದಲಾಗದು. ಬಾವಿಯ ಯಜಮಾನನಿಗೆ ಇರುವುದು ಎರಡು ಎಕರೆಯೋ ಮೂರು ಎಕರೆಯೋ. ಉಳಿದ ಎಕರೆಗಳ ಪಾಲು ನೆರೆಯವರದು. ನೆರೆಯವರಿಗೂ ಒಂದೊಂದು ಬಾವಿಯುಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಆದರೆ ಹಾಸಿಗೆ ಎಷ್ಟು ಉದ್ದ ಎಂಬುದನ್ನು ಗಾದೆ ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ. ಅದನ್ನು ಅಳೆಯಬೇಕು. ಅಳೆದಾಗಲೇ ಗಾದೆಗೆ ಹಲ್ಲು ಬರುತ್ತದೆ. ಕೇಂದ್ರ ಅಂತರ್ಜಲ ಮಂಡಲಿಯೂ ರಾಜ್ಯದ ಅಂತರ್ಜಲ ಇಲಾಖೆಯೂ ಸೇರಿ ಮಾಡುವ ಗಣನೆ ಇಂತಹ ಅಳತೆಯೇ. ಒಂದು ತಾಲ್ಲೂಕಿನಲ್ಲಿ ವರ್ಷವೊಂದಕ್ಕೆ ತೆಗೆಯಬಹುದಾದ ನೀರಿಗಿಂತ ತೆಗೆಯುವ ನೀರು ಹೆಚ್ಚಾದರೆ ಅದನ್ನು ‘ಅತಿಬಳಕೆ’ಯ ತಾಲ್ಲೂಕೆಂದು ಗುರುತಿಸುತ್ತಾರೆ. ಇತ್ತೀಚಿನ ಗಣನೆಗಳಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಆ ಪಟ್ಟಿಯಲ್ಲಿ ನಿಂತಿವೆ.

ವರ್ಷಕ್ಕೆ ಬಂದುದಕ್ಕಿಂತ ಹೆಚ್ಚನ್ನು ತೆಗೆಯಲು ಹೇಗೆ ಸಾಧ್ಯ? ಸವಕಲು ಮಾತನ್ನೇ ಮತ್ತೆ ಕೇಳಬೇಕು: ಹೆಚ್ಚಾಗಿ ಹೋದುದು ಉಳಿದುದರಿಂದ ಬಂದಿರಬೇಕು. ಹಿಂದಿನ ಮಳೆಗಾಲಗಳು ಬಂಡೆಯ ಬಿರುಕುಗಳಲ್ಲಿಯೂ ಅದರ ಮೇಲಿನ ಕೊಳೆತ ಕಲ್ಲಿನ ಪದರದಲ್ಲಿಯೂ ಕೂಡಿಟ್ಟ ನೀರದು. ಈ ಉಗ್ರಾಣವೂ ಚಿಕ್ಕದು. ಮರಳಿನಲ್ಲಿ ನೀರಿಗೆ ಧಾರಾಳವಾಗಿ ಎಡೆಯಿರುತ್ತದೆ. ಕೊಳೆತ ಬಂಡೆಯಲ್ಲಿ ಬಿಟ್ಟುಕೊಡುವ ನೀರು ನೂರಕ್ಕೆ ಎರಡು ಭಾಗದಷ್ಟಿದ್ದರೆ ಹೆಚ್ಚು. ಆದ್ದರಿಂದ ೮೦ ಮಿಲಿಮೀಟರು ಇಂಗಿದರೆ ನೀರಿನ ಮಟ್ಟ ನಾಲ್ಕು ಮೀಟರು ಮೇಲೇರುತ್ತದೆ. ಬಂದುದಕ್ಕಿಂತ ೪೦ ಮಿಲಿಮೀಟರು ಹೆಚ್ಚಾಗಿ ತೆಗೆದರೆ ಎರಡು ಮೀಟರು ಇಳಿಯುತ್ತದೆ. ಹತ್ತು ವರ್ಷ ಹೀಗಾದರೆ ಇಪ್ಪತ್ತು ಮೀಟರು. ಹಳೆಯ ತೆರೆದ ಬಾವಿಗಳು ಬತ್ತಿದುದಕ್ಕೆ ಭೂತಚೇಷ್ಟೆ ಕಾರಣವಲ್ಲ.

ಬಾವಿ ಬತ್ತಿದಾಗ ಜನ ಮೊರೆಹೋಗುವ ಇನ್ನೊಂದು ಸ್ವತಸ್ಸಿದ್ಧ ಮಾತಿದೆ: ಆಳಕ್ಕೆ ಹೋದಷ್ಟೂ ನೀರು ಹೆಚ್ಚು. ಇದನ್ನು ಅಲ್ಲಗಳೆಯುವವರೂ ವಿರಳವೇ. ಆದರೆ ಇದು ಸುಳ್ಳು. ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಆಳ ಹೆಚ್ಚಿದಂತೆ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತ ವಿರಳವಾಗುತ್ತವೆ. ಸಾವಿರ ಅಡಿ ದಾಟಿ ಕೊರೆದವರಲ್ಲಿ ಕೆಲವರಿಗೆ ಅದೃಷ್ಟವಶಾತ್ ಒಂದು ಬಿರುಕು ಸಿಕ್ಕುತ್ತದೆ. ಆ ಸುದ್ದಿ ಊರೂರು ಸುತ್ತುತ್ತದೆ. ಧೂಳು ಮಾತ್ರ ಸಿಕ್ಕಿದವರ ಸುದ್ದಿ ಸಾಲದ ಪತ್ರದಲ್ಲಿಯೇ ಉಳಿಯುತ್ತದೆ. ಸಿಕ್ಕಿದರೂ ಬೆಲೆಯೇನು? ೪೩,೨೦೦ ಲೀಟರು ನೀರನ್ನು ಹತ್ತು ಮೀಟರು ಎತ್ತಲು ಬೇಕಾದ ಶಕ್ತಿ ೧.೨ ಯೂನಿಟ್ ವಿದ್ಯುತ್ತು. ಮುನ್ನೂರು ಮೀಟರು ಎತ್ತಲು ೩೫ ಯೂನಿಟ್, ಅದೂ ಪಂಪಿನ ನಷ್ಟವನ್ನು ಬಿಟ್ಟು. ಬೇಸಾಯದ ಪಂಪಿನ ವಿದ್ಯುತ್ತಿಗೆ ರೈತನು ಹಣ ಕಟ್ಟಬೇಕಾಗಿಲ್ಲದಿರಬಹುದು. ಆದರೆ ಶಕ್ತಿಯ ಲೆಕ್ಕದಲ್ಲಿ ಉಚಿತವೆಂಬ ಕಲಮೇ ಇಲ್ಲ. ಎಲ್ಲಿಯೋ ಕಲ್ಲಿದ್ದಲು ಉರಿದಿರಬೇಕು, ಎಲ್ಲಿಯೋ ನೀರು ಧುಮುಕಿರಬೇಕು.

ಸ್ವತಸ್ಸಿದ್ಧವೆಂದು ತೋರುವುದೆಲ್ಲ ಸತ್ಯವಲ್ಲವೆಂಬುದಕ್ಕೆ ಈ ಬಯಲಿನಲ್ಲಿಯೇ ಇನ್ನೊಂದು ಸಾಕ್ಷಿಯುಂಟು. ತ್ರಿಕೋನದ ಮೂರು ಕೋನಗಳು ಸೇರಿ ಎರಡು ಲಂಬಕೋನಗಳಿಗೆ ಸಮ ಎಂಬುದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಕಂಠಪಾಠ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚಿನ ಆಧಾರರೇಖೆಯನ್ನು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ದಕ್ಷಿಣ ದೇಶದ ಮೋಜಣಿಗೆ ತೊಡಗಿದನು. ಗೋಳಾಕಾರದ ಭೂಮಿಯ ಮೇಲೆ ಆ ಕಂಠಪಾಠ ನಡೆಯುವುದಿಲ್ಲ. ತ್ರಿಕೋನದ ವಿಸ್ತಾರ ಸುಮಾರು ೨೦೦ ಚದರ ಕಿಲೋಮೀಟರಿನಷ್ಟಾದಾಗ ಕೋನಗಳ ಮೊತ್ತ ಒಂದು ವಿಕಲೆಯಷ್ಟು, ಅಂದರೆ ಅಂಶದ ೩,೬೦೦ನೆಯ ಒಂದು ಪಾಲಿನಷ್ಟು, ಹೆಚ್ಚುತ್ತದೆ. ದೊಡ್ಡ ತ್ರಿಕೋನಗಳನ್ನು ಅಳೆಯುವವರು ಈ ಹೆಚ್ಚಳವನ್ನು ಲೆಕ್ಕದಿಂದ ಕಳೆಯಲೇಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಅಂಗೈ ಹುಣ್ಣಿನ ಗಾದೆಗೆ ಎದುರಾಗಿ ನಮ್ಮ ಭಾಷೆಯಲ್ಲಿಯೇ ಇದೆಯಲ್ಲವೆ?

ಮತ್ತೆ ನೀರಿಗೆ ಬರೋಣ. ಬಂದುದು ಹೋದುದು ಎಂದಾಗ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಗೆರೆ ಎಳೆದುಕೊಳ್ಳಬೇಕು. ಗೆರೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಹನಿ ನೀರಾವರಿಯಿಂದ ನೀರು ಉಳಿಯುತ್ತದೆ ಎಂಬುದು ಇನ್ನೊಂದು ಸರ್ವಸಮ್ಮತ ಮಾತು. ಒಂದು ಎಕರೆಯ ಸುತ್ತ ಗೆರೆ ಎಳೆದರೆ ಅದು ನಿಜ. ಉಳಿದ ನೀರಿನಿಂದ ಪಕ್ಕದ ಇನ್ನೊಂದು ಎಕರೆಗೂ ದ್ರಾಕ್ಷಿ ಹಬ್ಬಿಸಿದರೆ, ಊರಿನ ಸುತ್ತ ಎಳೆದ ಗೆರೆಯೊಳಗೆ ಉಳಿದುದು ಏನೂ ಇಲ್ಲ. ಬೆಂಗಳೂರಿನ ನೆಲದಡಿಯ ಕೊಳವೆಗಳಲ್ಲಿ ಸೋರುವ ನೀರು ನಗರದ ನೀರು ಸರಬರಾಜಿನವರ ಪುಸ್ತಕದಲ್ಲಿ ನಷ್ಟ. ನಗರದ ಅಂತರ್ಜಲದ ಪುಸ್ತಕದಲ್ಲಿ ಅದೇ ಆದಾಯ.

ಗೆರೆಯನ್ನು ಇನ್ನೂ ದೊಡ್ಡದಾಗಿ ಎಳೆದರೆ ಸ್ವಾರಸ್ಯವಾದ ಸಂಗತಿ ಕಾಣುತ್ತದೆ. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಮೇಲಕ್ಕೆ. ಒಂದು ಘನಮೀಟರು ನೀರನ್ನು ಅಷ್ಟು ಎತ್ತಲು ೧.೪ ಯೂನಿಟ್ ಬೇಕು. ನಷ್ಟಗಳು ಸೇರಿದರೆ ಎರಡರ ಹತ್ತಿರ. ನಗರ ಬಳಸಿ ಬಿಟ್ಟ ಕೊಳಚೆಯನ್ನು ಶುದ್ಧೀಕರಿಸಿ, ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ಮತ್ತೆ ಪಂಪುಮಾಡಿ, ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ ೬೫ ಕೆರೆಗಳಿಗೆ ದಿನಕ್ಕೆ ೨೧ ಕೋಟಿ ಲೀಟರಿನಂತೆ ತುಂಬಿಸುವ ಏರ್ಪಾಡಾಗಿದೆ. ಕೊಡಗಿನಲ್ಲಿ ಬಿದ್ದ ಹನಿಯೊಂದು ಎರಡು ಬಾರಿ ಏರು ಹತ್ತಿ ನಂದಿಬೆಟ್ಟದ ಸೀಮೆಯ ಕೆರೆಗೆ ಸೇರುತ್ತದೆ! ನೀರು ತಗ್ಗಿಗೆ ಹರಿಯುತ್ತದೆ ಎಂಬ ಮಾತು ಇದರಿಂದ ಸುಳ್ಳಾಗುವುದಿಲ್ಲ. ಪ್ರತಿ ತಿಂಗಳೂ ವಿದ್ಯುತ್ ಬಿಲ್ಲಿನ ರೂಪದಲ್ಲಿ ತನ್ನನ್ನು ಜ್ಞಾಪಿಸುತ್ತಿರುತ್ತದೆ. ಇಂಗುವ ಈ ನೀರಿನಲ್ಲಿ ನೀರಿನ ಜೊತೆಗೆ ಬೇರೇನೇನು ಬರುತ್ತದೆಂಬುದಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು. ಲವಣಗಳೂ ಲೋಹಗಳೂ ಆವಿಯಾಗಿ ಹೋಗುವುದಿಲ್ಲ.

ಚನ್ನರಾಯಪಟ್ಟಣದ ಹೆಸರು ರಾಜ್ಯದಲ್ಲೆಲ್ಲ ಕೇಳಿಬಂದುದು ಮಾತ್ರ ನೀರಿನ ಮೂಲಕವಲ್ಲ, ನೆಲದ ಮೂಲಕ. ವಿಮಾನೋದ್ಯಮದ ಕೈಗಾರಿಕೆಗಳಿಗಾಗಿ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನವನ್ನು ವಿರೋಧಿಸಿ ರೈತರು ೨೦೨೨ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮೂರು ವರ್ಷಗಳಿಗೂ ಮಿಕ್ಕಿ ನಡೆದ ಹೋರಾಟದ ಮೇಲೆ, ೨೦೨೫ರ ಜುಲೈ ೧೫ರಂದು, ಸ್ವಾಧೀನವನ್ನು ಕೈಬಿಡಲಾಗುವುದೆಂದೂ ತಾವಾಗಿ ಕೊಡಲು ಒಪ್ಪುವವರ ಜಮೀನನ್ನು ಮಾತ್ರ ಕೊಳ್ಳಲಾಗುವುದೆಂದೂ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಕಟಿಸಿದರು. ಈ ವಿವಾದದ ಉದ್ದಕ್ಕೂ ನಾವು ಮೇಲೆ ಹೇಳಿದ ಗೋಡೆಬರಹದ ಮಾತುಗಳು ಎರಡೂ ಕಡೆಯಿಂದ ಧಾರಾಳವಾಗಿ ಹರಿದುಬಂದವು. ಬೆನ್ನೆಲುಬು ಬೇಡವೆಂದವರಿಲ್ಲ, ಅಭಿವೃದ್ಧಿ ಬೇಡವೆಂದವರೂ ಇಲ್ಲ. ಯಾರ ಪಕ್ಷ ನ್ಯಾಯವೆಂದು ತೀರ್ಮಾನಿಸಲು ಭೌತವಿಜ್ಞಾನಕ್ಕೆ ಅಧಿಕಾರವಿಲ್ಲ. ಆದರೆ ಕೂಡುಕಳೆತದ ಮಾತನ್ನು ಇಲ್ಲಿಯೂ ಹಚ್ಚಿನೋಡಬಹುದು. ಎಕರೆಗೆ ೩.೨ ಲಕ್ಷ ಲೀಟರಿನಂತೆ ೧,೭೭೭ ಎಕರೆಗಳಲ್ಲಿ ವರ್ಷಕ್ಕೆ ಇಂಗಬಹುದಾದ ನೀರು ಸುಮಾರು ೫೭ ಕೋಟಿ ಲೀಟರು. ನಗರದಲ್ಲಿ ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಹಂಚಿದರೆ ಹನ್ನೊಂದೂವರೆ ಸಾವಿರ ಜನಕ್ಕೆ ವರ್ಷವಿಡೀ ಸಾಲುವಷ್ಟು. ನೆಲದ ಮೇಲೆ ಕಾಂಕ್ರೀಟು ಹಾಸಿದರೆ ಮಳೆಯೇನೂ ನಿಲ್ಲುವುದಿಲ್ಲ. ಇಂಗದ ನೀರು ಬೇರೆಲ್ಲಿಗಾದರೂ ಹೋಗಲೇಬೇಕು. ಹಿಡಿದಿಡುವ ಏರ್ಪಾಡಿದ್ದರೆ ಗುಂಡಿಗೆ, ಇಲ್ಲದಿದ್ದರೆ ರಸ್ತೆಗೆ, ತಗ್ಗಿನ ಮನೆಗಳಿಗೆ. ಯಾವ ಯೋಜನೆ ಬಂದರೂ, ಬಾರದಿದ್ದರೂ, ಕೇಳತಕ್ಕ ಪ್ರಶ್ನೆ ಇದು. ಇದಕ್ಕೆ ಅಂಕಿಗಳಲ್ಲಿ ಉತ್ತರ ಬರಬೇಕು.

ಈ ಅಂಕಿಗಳಲ್ಲಿ ಕೆಲವನ್ನು ವಿದ್ಯಾರ್ಥಿಗಳೇ ಸಂಗ್ರಹಿಸಬಹುದು. ನೇರವಾದ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟರೆ ಮಳೆಮಾಪಕವಾಯಿತು. ಪ್ರತಿದಿನ ಬೆಳಗ್ಗೆ ನಿಂತ ನೀರಿನ ಎತ್ತರವನ್ನು ಮಿಲಿಮೀಟರುಗಳಲ್ಲಿ ಬರೆದು ಚೆಲ್ಲಬೇಕು. ಊರಿನಲ್ಲಿ ನೀರಿರುವ ತೆರೆದ ಬಾವಿಯೊಂದು ಉಳಿದಿದ್ದರೆ, ಹಿರಿಯರೊಬ್ಬರ ಜೊತೆಯಲ್ಲಿ ಹೋಗಿ, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಗುರುತುಮಾಡಬೇಕು. ಅಂತರ್ಜಲ ಮಂಡಲಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ಅಳೆಯುವ ತಿಂಗಳುಗಳಲ್ಲಿ ಇವೆರಡೂ ಸೇರಿವೆ. ಮಳೆ ೮೦೦ ಮಿಲಿಮೀಟರು ಬಿದ್ದು, ಯಾರೂ ನೀರೆತ್ತದಿದ್ದರೆ ಮಟ್ಟ ನಾಲ್ಕು ಮೀಟರು ಏರಬೇಕೆಂದು ನಮ್ಮ ಲೆಕ್ಕ. ಎರಡೇ ಮೀಟರು ಏರಿದ್ದರೆ ಉಳಿದ ಎರಡು ಮೀಟರನ್ನು ಯಾವ ಪಂಪು ಎತ್ತಿತೆಂದು ಹುಡುಕಬೇಕು. ಆರು ಮೀಟರು ಏರಿದ್ದರೆ, ಬಾವಿಯ ಮೇಲ್ಗಡೆಯ ಕೆರೆಗೆ ಆ ವರ್ಷ ಯಾವ ಊರಿನ ನೀರು ಬಂತೆಂದು ವಿಚಾರಿಸಬೇಕು. ಬಂದಿದ್ದರೆ ಆ ಬಾವಿಯ ನೀರನ್ನು ಕುಡಿಯುವ ಮುನ್ನ ಪರೀಕ್ಷೆ ಮಾಡಿಸಬೇಕು.